ಗೋಡೆ ನೋಡದ ತಪಾಸಣೆ



ಬಾಡಿಗೆ ಮನೆಯ ಗೋಡೆಗೆ ತೇವ ಇಳಿದು ಬೂಷ್ಟು ಹಿಡಿದರೆ ನಾವು ಮಾಲೀಕರಿಗೆ ಹೇಳುತ್ತೇವೆ. ಕೇಳದಿದ್ದರೆ ನಾಲ್ಕು ಮಾತು ಆಡುತ್ತೇವೆ. ಅದಕ್ಕೂ ಜಗ್ಗದಿದ್ದರೆ ಅಡ್ವಾನ್ಸ್ ವಾಪಸು ಪಡೆದು ಬೇರೆ ಮನೆ ನೋಡಿಕೊಳ್ಳುತ್ತೇವೆ. ಆದರೆ ಮನೆಯ ಒಡೆಯ ನಗರಸಭೆಯೋ ಲಾಭರಹಿತ ಸಂಸ್ಥೆಯೋ ಆಗಿದ್ದರೆ? ಬಿಟ್ಟು ಹೋದರೆ ಅಷ್ಟು ಕಡಿಮೆ ಬಾಡಿಗೆಗೆ ಇನ್ನೊಂದು ಮನೆ ಈ ಜನ್ಮದಲ್ಲಿ ಸಿಗುವುದಿಲ್ಲ ಎಂದಿದ್ದರೆ? ಇಂಗ್ಲೆಂಡಿನಲ್ಲಿ ಇಂಥ ಮನೆಗಳು 40 ಲಕ್ಷಕ್ಕೂ ಹೆಚ್ಚಿವೆ. ಅಲ್ಲಿನ ಆರು ಸಂಸಾರಗಳಲ್ಲಿ ಹೆಚ್ಚುಕಡಿಮೆ ಒಂದು ಇವುಗಳಲ್ಲಿ ಬಾಳುತ್ತಿದೆ. ಈ ಮನೆಗಳ ಒಡೆಯರ ಮೇಲೆ ಕಣ್ಣಿಡಲು ಅಲ್ಲಿನ ಸರ್ಕಾರ ಒಂದು ಸಂಸ್ಥೆಯನ್ನು ಇಟ್ಟಿದೆ. ರೆಗ್ಯುಲೇಟರ್ ಆಫ್ ಸೋಷಿಯಲ್ ಹೌಸಿಂಗ್ ಎಂದು ಅದರ ಹೆಸರು. ಮಾತಿನ ಅನುಕೂಲಕ್ಕೆ ನಾನು ಅದನ್ನು ನಿಯಂತ್ರಕ ಎಂದಷ್ಟೇ ಕರೆಯುತ್ತೇನೆ. ಆ ಸಂಸ್ಥೆ ತನ್ನ ಕೆಲಸವನ್ನು ಹೇಗೆ ಮಾಡಿತು, ಆ ಕೆಲಸದ ಮೇಲೆ ನಿಗಾ ಇಡಬೇಕಾದವರು ಏನು ನೋಡಿದರು ಎಂಬುದು ಇವತ್ತಿನ ವಿಷಯ.

ಮೊದಲು ಈ ಮನೆಗಳ ಸ್ವರೂಪ ಹೇಳಬೇಕು. ಬಡವರಿಗೆ ಸರ್ಕಾರಿ ಮನೆ ಎಂದರೆ ನಮ್ಮ ಕಣ್ಣಿಗೆ ಬರುವುದು ಆಶ್ರಯ ಮನೆ. ಫಲಾನುಭವಿಯ ಹೆಸರಿಗೆ ಮಂಜೂರಾಗಿ, ಹಕ್ಕುಪತ್ರ ಕೈಗೆ ಬಂದರೆ ಮನೆ ಅವರದೇ, ಸೋರಿದರೂ ಅವರದೇ. ಇಂಗ್ಲೆಂಡಿನಲ್ಲಿ ಹಾಗಲ್ಲ. ಮೊದಲ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದಾಗ, 1919ರಲ್ಲಿ ಆಡಿಸನ್ ಎಂಬ ಸಚಿವರ ಕಾಲದಲ್ಲಿ ಒಂದು ಕಾಯಿದೆ ಬಂತು. ಅಲ್ಲಿಂದ ಮುಂದೆ ಊರೂರಿನ ಕೌನ್ಸಿಲುಗಳು ಮನೆ ಕಟ್ಟಿ, ತಾವೇ ಒಡೆಯರಾಗಿ ಉಳಿದು, ಕಡಿಮೆ ಬಾಡಿಗೆಗೆ ಕೊಡುವ ಪದ್ಧತಿ ದೊಡ್ಡದಾಗಿ ಬೆಳೆಯಿತು. ಮನೆ ಹಿಡಿದವರು ಬಾಡಿಗೆ ಕಟ್ಟುತ್ತ ಇದ್ದರೆ ಜೀವಮಾನವಿಡೀ ಅಲ್ಲೇ ಇರಬಹುದಿತ್ತು. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ, ಬಾಡಿಗೆಗಿದ್ದವರೇ ಆ ಮನೆಯನ್ನು ಅಗ್ಗಕ್ಕೆ ಕೊಳ್ಳಬಹುದು ಎಂದಿತು. ಲಕ್ಷಾಂತರ ಮನೆಗಳು ಕೈಬಿಟ್ಟವು. ಉಳಿದವುಗಳಲ್ಲಿ ಬಹಳಷ್ಟನ್ನು ಕೌನ್ಸಿಲುಗಳು ಹೌಸಿಂಗ್ ಅಸೋಸಿಯೇಷನ್ ಎಂಬ ಲಾಭರಹಿತ ಸಂಸ್ಥೆಗಳಿಗೆ ವಹಿಸಿದವು. ಇವತ್ತು ಇಂಥ ನೋಂದಾಯಿತ ಒಡೆಯರು ಸುಮಾರು 1,600 ಮಂದಿ. ಕೆಲವರ ಬಳಿ ಹತ್ತಾರು ಮನೆ. ಕ್ಲಾರಿಯನ್ ಎಂಬ ಸಂಸ್ಥೆಯ ಬಳಿ ಲಕ್ಷಕ್ಕೂ ಮೇಲೆ.

ಲಾಭರಹಿತ ಸಂಸ್ಥೆ ಎಂದ ಮಾತ್ರಕ್ಕೆ ಅಲ್ಲಿ ಹಣದ ಓಡಾಟ ಕಡಿಮೆ ಎಂದುಕೊಳ್ಳಬೇಡಿ. ಈ ಸಂಸ್ಥೆಗಳು ಬ್ಯಾಂಕುಗಳಿಂದ, ಬಾಂಡ್ ಮಾರುಕಟ್ಟೆಯಿಂದ ತಂದಿರುವ ಸಾಲ ಹತ್ತು ಸಾವಿರ ಕೋಟಿ ಪೌಂಡಿಗೂ ಮಿಗಿಲು. ನಮ್ಮ ಕಥೆಯ ಗಂಟು ಇರುವುದೇ ಇಲ್ಲಿ.

1964ರಲ್ಲಿ ಹೌಸಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆ ಹುಟ್ಟಿತು. ಹೊಸ ಮನೆ ಕಟ್ಟಲು ಹೌಸಿಂಗ್ ಅಸೋಸಿಯೇಷನ್‌ಗಳಿಗೆ ಹಣ ಹಂಚುತ್ತಿದ್ದುದೂ ಅದೇ, ಅವುಗಳ ಮೇಲೆ ಕಣ್ಣಿಡುತ್ತಿದ್ದುದೂ ಅದೇ. ಇಷ್ಟು ಮನೆ ಕಟ್ಟಿಸಿದೆ ಎಂದು ಹೆಮ್ಮೆಪಡುವ ಬಾಯಿಯೇ, ಕಟ್ಟಿದ್ದು ಸರಿಯಿಲ್ಲ ಎಂದೂ ಹೇಳಬೇಕು! 2007ರಲ್ಲಿ ಮಾರ್ಟಿನ್ ಕೇವ್ ಎಂಬ ಅರ್ಥಶಾಸ್ತ್ರಜ್ಞರು ಸರ್ಕಾರಕ್ಕೆ ವರದಿ ಕೊಟ್ಟರು. ಬಾಡಿಗೆದಾರರಿಗೆ ಆಯ್ಕೆ ಎಂಬುದೇ ಇಲ್ಲದ ಕಡೆ ಅವರ ಪರ ನಿಲ್ಲುವ ಪ್ರತ್ಯೇಕ ನಿಯಂತ್ರಕ ಬೇಕು ಎಂಬುದು ಅದರ ತಿರುಳು. ಅದರಂತೆ 2008ರ ಡಿಸೆಂಬರಿನಲ್ಲಿ ಟೆನೆಂಟ್ ಸರ್ವಿಸಸ್ ಅಥಾರಿಟಿ ಕೆಲಸ ಶುರುಮಾಡಿತು. ಆ ಹೊತ್ತಿಗೆ ಆಡಿಟ್ ಕಮಿಷನ್ ಎಂಬ ಇನ್ನೊಂದು ಸಂಸ್ಥೆಯ ತಪಾಸಣಾಧಿಕಾರಿಗಳು ಊರೂರು ತಿರುಗಿ, ಯಾವ ಒಡೆಯ ಮನೆಗಳನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂದು ಪರೀಕ್ಷಿಸಿ, ಸೊನ್ನೆಯಿಂದ ಮೂರರವರೆಗೆ ನಕ್ಷತ್ರ ಕೊಡುತ್ತಿದ್ದರು. ಆ ತಪಾಸಣೆಯಲ್ಲಿ ಕಾಗದಪತ್ರದ ಕಾಟ ಇತ್ತು, ಒಡೆಯರು ಗೊಣಗುತ್ತಿದ್ದರು. ಆದರೂ ಹೊರಗಿನವನೊಬ್ಬ ಬಂದು ನೋಡುತ್ತಾನೆ ಎಂಬ ಅಂಜಿಕೆ ಇತ್ತು.

2010ರಲ್ಲಿ ಸರ್ಕಾರ ಬದಲಾಯಿತು. ಖರ್ಚು ಕಡಿತದ ಕಾಲ. ಅರೆ-ಸರ್ಕಾರಿ ಸಂಸ್ಥೆಗಳನ್ನು ಸಾಲುಸಾಲಾಗಿ ಮುಚ್ಚುವ ತೀರ್ಮಾನವಾಯಿತು. ಆಡಿಟ್ ಕಮಿಷನ್ ಹೋಯಿತು, ಅದರ ವಸತಿ ತಪಾಸಣೆಯೂ ನಿಂತಿತು. ಟೆನೆಂಟ್ ಸರ್ವಿಸಸ್ ಅಥಾರಿಟಿ ನಾಲ್ಕು ವರ್ಷವೂ ತುಂಬದೆ 2012ರ ಮಾರ್ಚಿನಲ್ಲಿ ಕಣ್ಣುಮುಚ್ಚಿತು. ಅದರ ಅಧಿಕಾರಗಳು ಮನೆ ಕಟ್ಟಲು ಹಣ ಕೊಡುವ ಇಲಾಖಾ ಸಂಸ್ಥೆಯೊಳಗಿನ ಒಂದು ಸಮಿತಿಗೆ ಹೋದವು; ಇನ್ನು ಮುಂದೆ ಆ ಸಮಿತಿಯೇ ನಿಯಂತ್ರಕ. ಅಂದರೆ ಕೇವ್ ಅವರು ಬೇಡ ಎಂದಿದ್ದ ಹಳೆಯ ಜೋಡಿಯೇ ಮತ್ತೆ ಒಂದೇ ಮಾಡಿನಡಿ ಬಂತು.

ಅದಕ್ಕಿಂತ ದೊಡ್ಡ ಬದಲಾವಣೆ 2011ರ ಲೋಕಲಿಸಂ ಕಾಯಿದೆಯ ಒಂದು ಕಲಮಿನಲ್ಲಿತ್ತು. ಮನೆಯ ದುರಸ್ತಿ, ಸುರಕ್ಷತೆ, ಬಾಡಿಗೆದಾರರೊಂದಿಗಿನ ನಡವಳಿಕೆ ಇವುಗಳಿಗೆ ನಿಯಮಗಳೇನೋ ಇರುತ್ತವೆ. ಆದರೆ ಅವು ಮುರಿದವು ಎಂದು ನಿಯಂತ್ರಕ ಕೈಹಾಕಬೇಕಾದರೆ, ಬಾಡಿಗೆದಾರರಿಗೆ ಗಂಭೀರ ಹಾನಿಯಾಗಿದೆ ಅಥವಾ ಆಗುವ ಅಪಾಯವಿದೆ ಎಂದು ನಂಬಲು ಆಧಾರ ಇರಬೇಕು. ಕೇಳಲು ನ್ಯಾಯವಾಗಿಯೇ ಇದೆ. ನಡೆದದ್ದು ಬೇರೆ. ವರ್ಷಕ್ಕೆ ನೂರಾರು ದೂರುಗಳು ಬರುತ್ತಿದ್ದವು. ಗಂಭೀರ ಹಾನಿಯ ಹೊಸ್ತಿಲು ದಾಟಿ ನಿಯಮಭಂಗ ಎಂದು ತೀರ್ಮಾನವಾಗುತ್ತಿದ್ದವು ಬೆರಳೆಣಿಕೆಯಷ್ಟು. ತಾನಾಗಿ ಹೋಗಿ ನೋಡುವ ಪದ್ಧತಿ ಇರಲಿಲ್ಲ. ಯಾರಾದರೂ ಹೇಳಬೇಕು, ಇಲ್ಲವೇ ಒಡೆಯನೇ ಬಂದು ನನ್ನಲ್ಲಿ ತಪ್ಪಾಗಿದೆ ಎಂದು ಒಪ್ಪಿಕೊಳ್ಳಬೇಕು. ಗಾಯ ಆದ ಮೇಲೆ ಬರುವ ಕಾವಲು ಇದು.

ಇಷ್ಟು ಹೇಳಿ ನಿಯಂತ್ರಕ ಕೈಕಟ್ಟಿ ಕುಳಿತಿತ್ತು ಎಂದರೆ ಅನ್ಯಾಯವಾಗುತ್ತದೆ. ಆ ವರ್ಷಗಳಲ್ಲಿ ಅದು ಒಂದು ಕೆಲಸವನ್ನು ಬಹಳ ಚೆನ್ನಾಗಿ ಮಾಡಿತು. ಹೌಸಿಂಗ್ ಅಸೋಸಿಯೇಷನ್‌ಗಳ ಹಣಕಾಸು ಗಟ್ಟಿಯಾಗಿದೆಯೇ, ಆಡಳಿತ ಮಂಡಳಿ ಎಚ್ಚರವಾಗಿದೆಯೇ ಎಂದು ನೋಡಿ ದರ್ಜೆ ಕೊಡುವುದು ಆ ಕೆಲಸ. ಆಡಳಿತಕ್ಕೆ ಜಿ ಒಂದರಿಂದ ನಾಲ್ಕು, ಹಣಕಾಸಿಗೆ ವಿ ಒಂದರಿಂದ ನಾಲ್ಕು. ಹಿಂದೆ ಹೌಸಿಂಗ್ ಕಾರ್ಪೊರೇಷನ್ನಿನ ಕಾಲದಲ್ಲಿ ಉಜಿಮಾ ಎಂಬ ಸಂಸ್ಥೆ ಮುಳುಗುವ ಹಂತಕ್ಕೆ ಬಂದಾಗ ಆದಂತೆಯೇ, 2012ರ ಸುಮಾರಿಗೆ ಕಾಸ್ಮೋಪಾಲಿಟನ್ ಎಂಬ ಇನ್ನೊಂದು ಸಂಸ್ಥೆ ದಿವಾಳಿಯ ಅಂಚಿಗೆ ಜಾರಿದಾಗ, ದೊಡ್ಡ ಸಂಸ್ಥೆಯೊಂದಿಗೆ ವಿಲೀನ ಮಾಡಿಸಿ ಮನೆಗಳು ಸಾಲ ಕೊಟ್ಟವರ ಪಾಲಾಗದಂತೆ ತಡೆಯಲಾಯಿತು. ಆ ಮನೆಗಳಲ್ಲಿದ್ದವರಿಗೆ ಇದರಿಂದ ನಿಜವಾದ ಉಪಕಾರವೇ ಆಯಿತು. ಬ್ಯಾಂಕುಗಳಿಗೂ ಧೈರ್ಯ ಬಂತು. ಸಾಲ ಅಗ್ಗಕ್ಕೆ ಸಿಕ್ಕಿತು. ಆ ಸಾಲದಿಂದ ಮನೆಗಳೂ ಎದ್ದವು.

ಹಾಗಾದರೆ ನಿಯಂತ್ರಕ ಪರೀಕ್ಷೆಯಲ್ಲಿ ಪಾಸಾಯಿತು. ಆದರೆ ಪ್ರಶ್ನೆಪತ್ರಿಕೆ ಬರೆದವರು ಯಾರು? ಸರ್ಕಾರ, ಪಾರ್ಲಿಮೆಂಟು. ಅವರು ಕೇಳಿದ್ದು ಸಾಲ ಸುರಕ್ಷಿತವೇ ಎಂಬ ಪ್ರಶ್ನೆಯನ್ನು. ಗೋಡೆ ಒಣಗಿದೆಯೇ ಎಂಬುದು ಆ ಪತ್ರಿಕೆಯಲ್ಲಿ ಇರಲೇ ಇಲ್ಲ, ಇದ್ದರೂ ಬರೆಯದೆ ಬಿಡಬಹುದಾದ ಪ್ರಶ್ನೆಯಾಗಿತ್ತು. ನಿಯಂತ್ರಕನ ಸೋಲು ಎಂದು ಪತ್ರಿಕೆಗಳು ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಿಯಂತ್ರಕನನ್ನು ನೋಡಿಕೊಳ್ಳಬೇಕಾದವರದು ಎಂಬುದು ನನ್ನ ಅಭಿಪ್ರಾಯ. ಇನ್ನು ಕೌನ್ಸಿಲುಗಳ ವಿಷಯ ಕೇಳಲೇ ಬೇಡಿ. ಹಣಕಾಸಿನ ದರ್ಜೆ ಅವುಗಳಿಗೆ ಅನ್ವಯಿಸುವುದಿಲ್ಲ; ನಕ್ಷತ್ರ ಕೊಡುವವರು ಹೋದ ಮೇಲೆ ಅವುಗಳ ಸುಮಾರು 16 ಲಕ್ಷ ಮನೆಗಳನ್ನು ಹೊರಗಿನಿಂದ ಕ್ರಮವಾಗಿ ನೋಡುವವರೇ ಇಲ್ಲವಾದರು. 2010ರಿಂದ 2024ರವರೆಗೆ ಲೆಕ್ಕ ಹಾಕಿ. ರಾಮನ ವನವಾಸದಷ್ಟು ಕಾಲ.

ನಡುವೆ ಒಂದು ವಿಚಿತ್ರ ಪ್ರಸಂಗ ನಡೆಯಿತು. ಅಂಕಿಅಂಶ ಇಲಾಖೆಯ ಅಧಿಕಾರಿಗಳು 2015ರ ಅಕ್ಟೋಬರಿನಲ್ಲಿ ಒಂದು ತೀರ್ಪು ಕೊಟ್ಟರು. ಹೌಸಿಂಗ್ ಅಸೋಸಿಯೇಷನ್‌ಗಳ ಮೇಲೆ ಸರ್ಕಾರಕ್ಕೆ ಇಷ್ಟೊಂದು ಹಿಡಿತ ಇರುವುದರಿಂದ ಅವು ಖಾಸಗಿ ಸಂಸ್ಥೆಗಳಲ್ಲ, ಸಾರ್ವಜನಿಕ ವಲಯದವು ಎಂದು. ಆ ಒಂದು ಸಾಲಿನಿಂದ ಸುಮಾರು ಆರು ಸಾವಿರ ಕೋಟಿ ಪೌಂಡ್ ಸಾಲ ರಾತ್ರಿ ಬೆಳಗಾಗುವುದರೊಳಗೆ ಸರ್ಕಾರದ ಲೆಕ್ಕಕ್ಕೆ ಸೇರಿತು. ಖಜಾನೆಯವರು ಹೌಹಾರಿದರು. ಪರಿಹಾರ ಏನು ಹುಡುಕಿದರು ಗೊತ್ತೇ? ಹಿಡಿತವನ್ನೇ ಸಡಿಲಿಸಿದರು. 2016ರ ಕಾಯಿದೆಯ ಮೂಲಕ, ಆಸ್ತಿ ಮಾರುವುದಕ್ಕೆ, ಸಂಸ್ಥೆಗಳು ವಿಲೀನವಾಗುವುದಕ್ಕೆ ನಿಯಂತ್ರಕನ ಒಪ್ಪಿಗೆ ಬೇಕಿಲ್ಲ ಎಂದು 2017ರ ಏಪ್ರಿಲಿನಿಂದ ಜಾರಿಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಸಾಲ ಮತ್ತೆ ಖಾಸಗಿ ಲೆಕ್ಕಕ್ಕೆ ಹೋಯಿತು. ಸರ್ಕಾರಿ ಲೆಡ್ಜರು ಚೊಕ್ಕಟವಾಗಿ ಕಾಣಲಿ ಎಂದು ಕಾವಲುಗಾರನ ಕೋಲು ಕಿತ್ತುಕೊಂಡ ಹಾಗಾಯಿತು. ಬಾಡಿಗೆದಾರರನ್ನು ಯಾರೂ ಕೇಳಲಿಲ್ಲ. ಕೇಳುವ ವಿಷಯ ಎಂದು ಯಾರಿಗೂ ಹೊಳೆದಿರಲೂ ಇಲ್ಲ.

ಆ ಏಪ್ರಿಲಿಗೂ ನವೆಂಬರಿಗೂ ನಡುವೆ, 2017ರ ಜೂನ್ 14ರ ನಸುಕಿನಲ್ಲಿ, ಲಂಡನ್ನಿನ ನಾರ್ತ್ ಕೆನ್ಸಿಂಗ್ಟನ್‌ನಲ್ಲಿ 24 ಮಹಡಿಯ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿಯಿತು. 72 ಜನ ಸತ್ತರು. ಅದು ಕೌನ್ಸಿಲಿನ ಕಟ್ಟಡ. ಬೇರೊಂದು ನಿರ್ವಹಣಾ ಸಂಸ್ಥೆ ನೋಡಿಕೊಳ್ಳುತ್ತಿತ್ತು. ವರ್ಷದ ಹಿಂದಷ್ಟೇ ನವೀಕರಣವೆಂದು ಹೊರಗೋಡೆಗೆ ಹೊದಿಸಿದ್ದ ಹಾಳೆಗಳೇ ಬೆಂಕಿಯನ್ನು ಮೇಲಕ್ಕೆ ಒಯ್ದವು. ನಿವಾಸಿಗಳು ಅಗ್ನಿ ಸುರಕ್ಷತೆಯ ಬಗ್ಗೆ ಮೊದಲೇ ಬರೆದು ಎಚ್ಚರಿಸಿದ್ದರು, ಅವರನ್ನು ಕಿರಿಕಿರಿಯ ಜನ ಎಂಬಂತೆ ನಡೆಸಿಕೊಳ್ಳಲಾಗಿತ್ತು. ಹೊದಿಕೆಯ ತಯಾರಕರು, ಕಟ್ಟಡ ನಿಯಮ, ಪರೀಕ್ಷಾ ಸಂಸ್ಥೆಗಳು, ಸರ್ಕಾರ, ಯಾರನ್ನೂ ಬಿಡದೆ ಮಾರ್ಟಿನ್ ಮೂರ್-ಬಿಕ್ ಆಯೋಗ 2024ರ ಸೆಪ್ಟೆಂಬರಿನ ಅಂತಿಮ ವರದಿಯಲ್ಲಿ ವಿವರಿಸಿದೆ. ನಮ್ಮ ಮಾತಿಗೆ ಬೇಕಾದ ಪ್ರಶ್ನೆ ಒಂದೇ: ನಮ್ಮ ಮಾತನ್ನು ಒಡೆಯ ಕೇಳುತ್ತಿಲ್ಲ ಎಂದು ಹೇಳಿಕೊಳ್ಳಲು ಆ ಜನ ಎಲ್ಲಿಗೆ ಹೋಗಬೇಕಿತ್ತು? ನೇರವಾಗಿ, ತಡವಿಲ್ಲದೆ ಹೋಗಲು ಒಂದು ಜಾಗವೇ ಇರಲಿಲ್ಲ.

ಅದಾದ ಮೇಲಿನ ವೇಗ ನೋಡಿ. 2018ರಲ್ಲಿ ನಿಯಂತ್ರಕವನ್ನು ಸ್ವತಂತ್ರ ಸಂಸ್ಥೆಯಾಗಿ ಬೇರ್ಪಡಿಸಿದರು. ಅದೇ ವರ್ಷ ಸರ್ಕಾರದ ಚರ್ಚಾಪತ್ರ ಬಂತು. ಶ್ವೇತಪತ್ರ ಬರಲು 2020ರ ನವೆಂಬರ್ ಆಯಿತು. ಗಂಭೀರ ಹಾನಿಯ ಹೊಸ್ತಿಲು ತೆಗೆಯುತ್ತೇವೆ, ತಪಾಸಣೆ ಮತ್ತೆ ತರುತ್ತೇವೆ ಎಂದು ಅದರಲ್ಲಿ ಮಾತು ಕೊಟ್ಟರು.

ಆ ಪತ್ರ ಹೊರಬಿದ್ದ ಮುಂದಿನ ತಿಂಗಳು, ಡಿಸೆಂಬರ್ 21ರಂದು, ಮ್ಯಾಂಚೆಸ್ಟರಿನ ಹತ್ತಿರದ ರಾಚ್‌ಡೇಲ್ ಊರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಸೂಡಾನಿನಿಂದ ಬಂದ ಸಂಸಾರ. ಒಂದು ಬೆಡ್‌ರೂಮಿನ ಫ್ಲ್ಯಾಟಿನ ಗೋಡೆಗಳಲ್ಲಿ ಬೂಷ್ಟು. ತಂದೆ 2017ರಲ್ಲಿಯೇ ದೂರಿದ್ದರು. ಬಣ್ಣ ಬಳಿದುಕೊಳ್ಳಿ ಎಂಬ ಉತ್ತರ ಸಿಕ್ಕಿತ್ತು. ಬಹುಕಾಲ ಆ ಬೂಷ್ಟಿನ ಗಾಳಿ ಕುಡಿದು ಉಸಿರಾಟದ ತೊಂದರೆಯಿಂದ ಮಗು ಸತ್ತಿತು ಎಂದು 2022ರ ನವೆಂಬರಿನಲ್ಲಿ, ಅಸಹಜ ಸಾವುಗಳ ವಿಚಾರಣೆ ನಡೆಸುವ ಕಾರೊನರ್ ಜೋಆನ್ ಕಿಯರ್ಸ್ಲಿ ತೀರ್ಮಾನಿಸಿದರು. ಇದಕ್ಕೆಲ್ಲ ಆ ಸಂಸಾರ ಬದುಕುವ ರೀತಿಯೇ, ಸ್ನಾನ ಮಾಡುವ ಪದ್ಧತಿಯೇ ಕಾರಣವಿರಬೇಕು ಎಂದು ಮನೆಯ ಒಡೆಯ ಸಂಸ್ಥೆಯವರು ಊಹಿಸಿಕೊಂಡಿದ್ದರು. ಆಮೇಲೆ ಅದಕ್ಕೆ ಕ್ಷಮೆ ಕೇಳಿದರು. ಹಂಡೆ ನೀರು ತೋಡಿ ಮೈಮೇಲೆ ಹೊಯ್ದುಕೊಂಡು ಬೆಳೆದ ನಮಗೆ ಆ ಊಹೆಯ ಹಿಂದಿನ ಮನಸ್ಸು ಬೇಗ ಅರ್ಥವಾಗುತ್ತದೆ.

ಆ ಒಡೆಯ ಸಂಸ್ಥೆಯ ರಚನೆ ಇನ್ನೂ ಯೋಚನೆಗೆ ಹಚ್ಚುತ್ತದೆ. ರಾಚ್‌ಡೇಲ್ ಬರೋವೈಡ್ ಹೌಸಿಂಗ್ ಒಂದು ಸಹಕಾರಿ ಮಾದರಿಯ ಸಂಸ್ಥೆ. ಬಾಡಿಗೆದಾರರೂ ನೌಕರರೂ ಅದರ ಸದಸ್ಯರು. ಕಾಗದದ ಮೇಲೆ ಬಾಡಿಗೆದಾರನೇ ಪಾಲುದಾರ. ಇಷ್ಟಾದರೂ ದೂರು ಮೇಲಕ್ಕೆ ಹತ್ತಲಿಲ್ಲ. ವಿಚಾರಣೆಯ ತೀರ್ಮಾನ ಬಂದ ಮರುತಿಂಗಳು ನಿಯಂತ್ರಕ ಆ ಸಂಸ್ಥೆಯ ದರ್ಜೆಯನ್ನು ಇಳಿಸಿತು. ಮಗು ಸತ್ತು ಆಗಲೇ ಎರಡು ವರ್ಷ.

ಆ ಹೊತ್ತಿಗೆ ಪಾರ್ಲಿಮೆಂಟಿನ ವಸತಿ ಸಮಿತಿ ಒಂದು ವರದಿ ಕೊಟ್ಟಾಗಿತ್ತು. ಕ್ಲೈವ್ ಬೆಟ್ಸ್ ಅಧ್ಯಕ್ಷತೆಯ ಆ ಸಮಿತಿ 2022ರ ಜುಲೈನಲ್ಲಿ ನಿಯಂತ್ರಕನ ಕಡೆಗೆ ನೇರವಾಗಿ ಬೆರಳು ತೋರಿಸಿತು. ಕಾನೂನು ಹೊಸ್ತಿಲು ಎತ್ತರವಿಟ್ಟಿದ್ದು ನಿಜ, ಆದರೆ ದೂರು ಬರಲಿ ಎಂದು ಕಾಯುತ್ತ ಕೂರುವ ಸ್ವಭಾವವೂ ನಿಮ್ಮದಾಯಿತು ಎಂಬುದು ಅದರ ಆಕ್ಷೇಪದ ಸಾರ. ಸಮಿತಿಯ ಮಾತು ಸರಿ. ಆದರೆ ಅದೇ ಪಾರ್ಲಿಮೆಂಟು 2011ರಲ್ಲಿ ಆ ಹೊಸ್ತಿಲಿಗೆ ಕೈ ಎತ್ತಿತ್ತು ಎಂಬುದನ್ನೂ ಮರೆಯುವ ಹಾಗಿಲ್ಲ.

ಕಾರೊನರ್ ತೀರ್ಮಾನದ ಮೇಲೆ ಎದ್ದ ಗದ್ದಲದಲ್ಲಿ ನಿಯಂತ್ರಕ ಎಲ್ಲ ದೊಡ್ಡ ಒಡೆಯರಿಗೆ ಪತ್ರ ಬರೆದು, ನಿಮ್ಮ ಮನೆಗಳಲ್ಲಿ ತೇವ, ಬೂಷ್ಟು ಎಷ್ಟಿದೆ ಹೇಳಿ ಎಂದಿತು. 2023ರ ಫೆಬ್ರುವರಿಯಲ್ಲಿ ಉತ್ತರದ ಸಾರ ಬಂತು. ತೀರಾ ಗಂಭೀರ ಸ್ಥಿತಿಯ ಮನೆಗಳು ಶೇ 0.2ಕ್ಕಿಂತ ಕಡಿಮೆ, ಗಂಭೀರ ಎನ್ನಬಹುದಾದವು ಶೇ 1ರಿಂದ 2, ಗಮನಿಸಬೇಕಾದವು ಶೇ 3ರಿಂದ 4. ಶೇಕಡಾವಾರು ನೋಡಿದರೆ ಸಮಾಧಾನವಾಗುತ್ತದೆ. 40 ಲಕ್ಷ ಮನೆಗಳಿಗೆ ಗುಣಿಸಿ ನೋಡಿ: ಶೇ 0.2 ಎಂದರೂ ಎಂಟು ಸಾವಿರ ಮನೆ. ಇದಕ್ಕಿಂತ ಕಳವಳದ ಸಂಗತಿ, ತಮ್ಮ ಮನೆಗಳ ಸ್ಥಿತಿ ತಮಗೇ ಸರಿಯಾಗಿ ಗೊತ್ತಿಲ್ಲದ ಒಡೆಯರು ಇದ್ದದ್ದು. ಗೊತ್ತಿಲ್ಲದವರು ಕೊಟ್ಟ ಅಂಕಿಯನ್ನು ಕೂಡಿಸಿದರೆ ಬರುವ ಮೊತ್ತ ಎಂಥದ್ದು?

ಕೊನೆಗೆ 2023ರ ಜುಲೈ 20ರಂದು ಹೊಸ ಕಾಯಿದೆಗೆ ಅಂಕಿತ ಬಿತ್ತು. 2024ರ ಏಪ್ರಿಲ್ 1ರಿಂದ ಹೊಸ ಆಟ. ಗಂಭೀರ ಹಾನಿಯ ಹೊಸ್ತಿಲು ಹೋಯಿತು. ಸಾವಿರಕ್ಕೆ ಮೇಲ್ಪಟ್ಟು ಮನೆ ಇರುವ ಪ್ರತಿ ಒಡೆಯನ ಬಳಿಗೂ, ಕೌನ್ಸಿಲ್ ಇರಲಿ ಅಸೋಸಿಯೇಷನ್ ಇರಲಿ, ನಾಲ್ಕು ವರ್ಷಕ್ಕೊಮ್ಮೆ ತಪಾಸಣೆ. ದಂಡಕ್ಕೆ ಮೇಲ್ಮಿತಿ ಇಲ್ಲ. ತೀರಾ ಅಗತ್ಯವಾದರೆ ನಿಯಂತ್ರಕನೇ ದುರಸ್ತಿ ಮಾಡಿಸಬಹುದು. ಹಣಕಾಸಿನ ವಿ ದರ್ಜೆಯ ಪಕ್ಕದಲ್ಲಿ ಬಾಡಿಗೆದಾರರ ಪಾಲಿನ ಸಿ ದರ್ಜೆ ಬಂತು, ಒಂದರಿಂದ ನಾಲ್ಕು. ಅವಾಬ್ ಹೆಸರಿನಲ್ಲಿಯೇ ಕರೆಯುವ ನಿಯಮ 2025ರ ಅಕ್ಟೋಬರ್ 27ರಿಂದ ಜಾರಿಗೆ ಬಂದಿದೆ. ತುರ್ತು ಅಪಾಯವಾದರೆ 24 ಗಂಟೆಯೊಳಗೆ ಸರಿಪಡಿಸಬೇಕು. ಗಂಭೀರವಾದ ತೇವ, ಬೂಷ್ಟಿನ ದೂರಾದರೆ ಹತ್ತು ಕೆಲಸದ ದಿನದೊಳಗೆ ಬಂದು ನೋಡಿ, ನೋಡಿದ ಮೇಲೆ ಐದು ಕೆಲಸದ ದಿನದೊಳಗೆ ಮನೆಯನ್ನು ಸುರಕ್ಷಿತಗೊಳಿಸಬೇಕು.

ಹೊಸ ತಪಾಸಣೆಗೆ ಹಲ್ಲು ಇದೆ ಎಂದು ಬೇಗನೆ ತಿಳಿಯಿತು. 2024ರ ಅಕ್ಟೋಬರಿನಲ್ಲಿ ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲಿಗೆ ಸಿ ನಾಲ್ಕು ಬಂತು. ಆ ದರ್ಜೆ ಬಿದ್ದ ಮೊದಲ ಒಡೆಯ ಅದು. ಬೆಂಕಿ ಸುರಕ್ಷತೆಯ ಸಾವಿರಾರು ಕೆಲಸಗಳು ಗಡುವು ಮೀರಿ ಬಾಕಿ ಬಿದ್ದಿದ್ದವು. ಗ್ರೆನ್‌ಫೆಲ್ ಉರಿದು ಏಳು ವರ್ಷವಾದ ಮೇಲೆ, ಅದೇ ನಗರದಲ್ಲಿ. ಸಿ ಮೂರು ಪಡೆದ ಕೌನ್ಸಿಲುಗಳ ಸಾಲು ಬೇರೆ ಇದೆ. ಯಾರೂ ನೋಡದ ಹದಿನಾಲ್ಕು ವರ್ಷದ ಬಡ್ಡಿ ಇದು. ಆ ವರ್ಷಗಳಲ್ಲಿ ಕೌನ್ಸಿಲುಗಳ ಅನುದಾನಕ್ಕೂ ಸರ್ಕಾರ ಕತ್ತರಿ ಹಾಕಿತ್ತು. ಅದನ್ನು ಹೇಳದಿದ್ದರೆ ಅರ್ಧ ಕಥೆ ಹೇಳಿದಂತಾಗುತ್ತದೆ.

ಆದರೆ ಈ ತಪಾಸಣೆ ಎಂದರೆ ಅಧಿಕಾರಿ ನಿಮ್ಮ ಮನೆಗೆ ಬಂದು ಗೋಡೆ ಮುಟ್ಟಿ ನೋಡುವುದು ಎಂದುಕೊಂಡಿದ್ದರೆ, ಅಲ್ಲ. ತಂಡ ಬರುತ್ತದೆ, ದಾಖಲೆ, ಅಂಕಿಗಳನ್ನು ಕೆದಕುತ್ತದೆ, ಆಡಳಿತ ಮಂಡಳಿಯ ಸಭೆಯಲ್ಲಿ ಕುಳಿತು ಕೇಳುತ್ತದೆ, ಬಾಡಿಗೆದಾರರ ಗುಂಪಿನೊಂದಿಗೆ ಮಾತಾಡುತ್ತದೆ. ಲಕ್ಷಾಂತರ ಮನೆಗಳಿಗೆ ಹೋಗಲು ಆಗದು ಎಂಬುದು ನಿಜ, ಅದನ್ನು ಕೇಳುವುದೂ ಅತಿಯಾದೀತು. ಆದರೂ ಒಡೆಯನ ಕಾಗದವನ್ನು ನಿಯಂತ್ರಕ ಓದುವುದು, ನಿಯಂತ್ರಕನ ಕಾಗದವನ್ನು ಇಲಾಖೆ ಓದುವುದು, ಇಲಾಖೆಯ ಕಾಗದವನ್ನು ಸಮಿತಿ ಓದುವುದು ಎಂಬ ಸರಪಳಿಯಲ್ಲಿ ಬೂಷ್ಟನ್ನು ಕಣ್ಣಾರೆ ನೋಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಪ್ರತಿ ತಪಾಸಣೆಯಲ್ಲಿ ಒಂದಿಪ್ಪತ್ತು ಮನೆಗಳನ್ನಾದರೂ, ಒಡೆಯ ಆರಿಸಿದ್ದಲ್ಲ, ತಂಡವೇ ಚೀಟಿ ಎತ್ತಿ ಆರಿಸಿದ್ದನ್ನು ನೋಡಲಿ ಎನ್ನುವುದು ದೊಡ್ಡ ಬೇಡಿಕೆಯಲ್ಲ.

ಬಾಡಿಗೆದಾರರ ಸಮಾಧಾನವನ್ನು ಅಳೆಯಲು 22 ಅಳತೆಗಳನ್ನು ಇಟ್ಟಿದ್ದಾರೆ. ಅವುಗಳಲ್ಲಿ 12, ಬಾಡಿಗೆದಾರರನ್ನೇ ಕೇಳಿ ಪಡೆಯುವಂಥವು. ಮೊದಲ ವರ್ಷ, 2023-24ರ ಫಲಿತಾಂಶದಲ್ಲಿ ನಡುಮಟ್ಟದ ಒಡೆಯನ ಬಾಡಿಗೆದಾರರಲ್ಲಿ ಹತ್ತಕ್ಕೆ ಏಳು ಮಂದಿ ಒಟ್ಟಾರೆ ತೃಪ್ತರು. ದೂರನ್ನು ನಿಭಾಯಿಸಿದ ರೀತಿ ಹೇಗಿತ್ತು ಎಂದು ಕೇಳಿದರೆ ತೃಪ್ತರು ಮೂವರಲ್ಲಿ ಒಬ್ಬರು. ಏನೂ ಕೆಡದಿದ್ದಾಗ ಒಡೆಯ ಒಳ್ಳೆಯವನೇ. ಕೆಟ್ಟಾಗ ಗೊತ್ತಾಗುವುದು ಅವನ ಗುಣ. ನನ್ನ ಕೈಯಲ್ಲಿದ್ದರೆ ಇಪ್ಪತ್ತೆರಡರಲ್ಲಿ ಇಪ್ಪತ್ತೊಂದನ್ನು ಪಕ್ಕಕ್ಕಿಟ್ಟು ಈ ಒಂದನ್ನೇ ಬಾಗಿಲ ಮೇಲೆ ಅಂಟಿಸುತ್ತಿದ್ದೆ. ಇನ್ನೊಂದು ಮಾತು. ಈ ಸಮೀಕ್ಷೆ ಮಾಡಿಸುವವರು ಒಡೆಯರೇ. ತಮ್ಮ ಬಗ್ಗೆ ತಾವೇ ಕೇಳಿಸಿಕೊಂಡ ಅಭಿಪ್ರಾಯ.

ನಿಯಂತ್ರಕ ಒಬ್ಬೊಬ್ಬರ ದೂರು ಕೇಳುವುದಿಲ್ಲ. ಅದು ಇಡೀ ವ್ಯವಸ್ಥೆಯ ದೋಷ ನೋಡುವ ಕಚೇರಿ. ಒಬ್ಬರ ದೂರಿಗೆ ಹೌಸಿಂಗ್ ಒಂಬುಡ್ಸ್‌ಮನ್ ಇದ್ದಾರೆ, ಎತ್ತರದ ಕಟ್ಟಡಗಳಿಗೆ ಇನ್ನೊಬ್ಬ ನಿಯಂತ್ರಕ ಇದ್ದಾನೆ. ಬಾಗಿಲುಗಳು ಹೆಚ್ಚಾದಷ್ಟೂ ಅದು ನಮ್ಮದಲ್ಲ, ಪಕ್ಕದ ಬಾಗಿಲು ತಟ್ಟಿ ಎನ್ನುವುದೂ ಹೆಚ್ಚುತ್ತದೆ. ಒಂಬುಡ್ಸ್‌ಮನ್ ಬಾಗಿಲಿಗೂ ಒಂದು ಕಾಲದಲ್ಲಿ ಚಿಲಕವಿತ್ತು: ಸಂಸದರ ಮೂಲಕವೋ ಕೌನ್ಸಿಲರ್ ಮೂಲಕವೋ ಹೋಗಬೇಕು, ಇಲ್ಲದಿದ್ದರೆ ಎಂಟು ವಾರ ಕಾಯಬೇಕು. 2022ರ ಅಕ್ಟೋಬರಿನಲ್ಲಿ ಅದನ್ನು ತೆಗೆದರು. ಆಗಿನ ಒಂಬುಡ್ಸ್‌ಮನ್ ರಿಚರ್ಡ್ ಬ್ಲೇಕ್‌ವೇ 2021ರಲ್ಲಿಯೇ, ಅವಾಬ್ ಪ್ರಕರಣ ಜಗತ್ತಿಗೆ ತಿಳಿಯುವ ಮೊದಲು, ಬೂಷ್ಟಿಗೆ ಬಾಡಿಗೆದಾರರ ಜೀವನಶೈಲಿಯನ್ನು ದೂರುವ ಚಾಳಿ ಬಿಡಿ ಎಂದು ವರದಿಯನ್ನೇ ಬರೆದಿದ್ದರು. ಪಕ್ಕದ ಕಚೇರಿಯ ಆ ವರದಿಯನ್ನು ಕೈಯಲ್ಲಿ ಹಿಡಿದು ನಿಯಂತ್ರಕ ಒಡೆಯರಿಗೆ ಬೂಷ್ಟಿನ ಲೆಕ್ಕ ಕೇಳುವ ಆ ಪತ್ರವನ್ನು ಆವತ್ತೇ ಬರೆದಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ಲಂಡನ್ನಿಗೆ ಹೋದ ಕನ್ನಡಿಗರು ತಪ್ಪದೆ ನೋಡುವ ಜಾಗವೊಂದಿದೆ: ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆ. ಕಲಬುರಗಿಯ ಮೂಲದ ಡಾಕ್ಟರ್ ನೀರಜ್ ಪಾಟೀಲ್ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದವರು; ಅವರ ಪ್ರಯತ್ನದಿಂದ ನಿಂತು 2015ರ ನವೆಂಬರಿನಲ್ಲಿ ಅನಾವರಣಗೊಂಡ ಪ್ರತಿಮೆ ಅದು. ಅದಿರುವುದು ಲ್ಯಾಂಬೆತ್ ಕೌನ್ಸಿಲಿನ ನೆಲದಲ್ಲಿ, ನದಿಯಾಚೆ ಪಾರ್ಲಿಮೆಂಟು. ಇದೇ ಲ್ಯಾಂಬೆತ್ ಕೌನ್ಸಿಲು ಸಾವಿರಾರು ಬಾಡಿಗೆ ಮನೆಗಳ ಒಡೆಯ. 2022ರಲ್ಲಿ ಅದು ದೂರುಗಳನ್ನು ನಿಭಾಯಿಸುವ ರೀತಿಯ ಮೇಲೆ ಒಂಬುಡ್ಸ್‌ಮನ್ ವಿಶೇಷ ವರದಿಯನ್ನೇ ಹೊರಡಿಸಬೇಕಾಯಿತು. ಫೋಟೋ ತೆಗೆಸಿಕೊಂಡು ಬೆನ್ನು ತಿರುಗಿಸಿ ನಾಲ್ಕು ಬೀದಿ ಒಳಗೆ ನಡೆದರೆ ಈ ಭಾಷಣದ ವಿಷಯವೆಲ್ಲ ಇಟ್ಟಿಗೆ ಗಾರೆಯಲ್ಲಿ ಎದುರಾಗುತ್ತದೆ.

ಈಗ ದಂಡದ ಮಾತು. ಮೇಲ್ಮಿತಿಯಿಲ್ಲದ ದಂಡ ಎಂದರೆ ಕಿವಿಗೆ ಇಂಪು. ಆದರೆ ಲಾಭರಹಿತ ಸಂಸ್ಥೆಗೆ ದಂಡ ಹಾಕಿದರೆ ಅದನ್ನು ಕಟ್ಟುವುದು ಯಾವ ದುಡ್ಡಿನಿಂದ? ಬಾಡಿಗೆಯಿಂದ. ಬೂಷ್ಟಿನ ಮನೆಯವನ ಬಾಡಿಗೆಯೂ ಅದರಲ್ಲಿ ಸೇರಿದೆ. ನಿಯಂತ್ರಕನ ಖರ್ಚೂ ಅಷ್ಟೇ. ಪ್ರತಿ ಮನೆಗೆ ವರ್ಷಕ್ಕೆ ಕೆಲವು ಪೌಂಡುಗಳಂತೆ ಒಡೆಯರಿಂದ ಶುಲ್ಕ ಎತ್ತುತ್ತಾರೆ, ಒಡೆಯರು ಬಾಡಿಗೆಯಿಂದ ಕೊಡುತ್ತಾರೆ. ಹೀಗೆ ಕಾವಲಿನ ಸಂಬಳ ಕೊಡುವವನು ಬಾಡಿಗೆದಾರ. ಕಾವಲುಗಾರ ವರದಿ ಒಪ್ಪಿಸುವುದು ಮಾತ್ರ ಸಚಿವರಿಗೆ. ಅಧ್ಯಕ್ಷರನ್ನು ನೇಮಿಸುವವರು ಸಚಿವರು. ಲೆಕ್ಕ ನೋಡುವವರು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯವರು. ಪಾರ್ಲಿಮೆಂಟಿನ ಸಮಿತಿ ತನಗೆ ಬೇಕೆನಿಸಿದಾಗ ಕರೆದು ಕೇಳುತ್ತದೆ.

ಗಡಿಯಾಚೆ ಸ್ಕಾಟ್ಲೆಂಡಿನಲ್ಲಿ ಬೇರೆ ದಾರಿ ಹಿಡಿದಿದ್ದಾರೆ. 2010ರ ಕಾಯಿದೆಯಿಂದ ಹುಟ್ಟಿದ ಅಲ್ಲಿನ ವಸತಿ ನಿಯಂತ್ರಕ ನೇರವಾಗಿ ಸ್ಕಾಟಿಷ್ ಪಾರ್ಲಿಮೆಂಟಿಗೆ ಉತ್ತರ ಕೊಡುತ್ತದೆ, ಸಚಿವರಿಗಲ್ಲ. ವೇಲ್ಸಿನಲ್ಲಿ ಇದಕ್ಕೆ ವಿರುದ್ಧ, ಸರ್ಕಾರವೇ ನಿಯಂತ್ರಕ. ಸ್ಕಾಟ್ಲೆಂಡಿನ ಬಾಡಿಗೆದಾರ ತನ್ನ ಒಡೆಯನ ಕೆಲಸದ ವರದಿಯನ್ನು ಪಕ್ಕದ ಊರಿನ ಒಡೆಯನದರೊಂದಿಗೆ ಇಟ್ಟು ಹೋಲಿಸಬಹುದಾದಂತೆ ವರ್ಷವರ್ಷ ಪ್ರಕಟಿಸುತ್ತಾರೆ. ಅಲ್ಲಿ ಎಲ್ಲವೂ ಸುಖವಾಗಿದೆ ಎಂದು ನಾನು ಹೇಳಲಾರೆ. ಆದರೆ 2010ರಲ್ಲಿ ಇಂಗ್ಲೆಂಡಿನಲ್ಲಿ ಆದಂತೆ ಒಬ್ಬ ಸಚಿವರ ಇಷ್ಟದಿಂದ ನಿಯಂತ್ರಕವನ್ನೇ ಮುಚ್ಚುವ ತೀರ್ಮಾನ ಮಾಡಿಬಿಡುವುದು ಸ್ಕಾಟ್ಲೆಂಡಿನಲ್ಲಿ ಅಷ್ಟು ಸುಲಭವಲ್ಲ.

ನಮ್ಮ ಕಡೆಯ ಸ್ಥಿತಿ ಒಂದೆರಡು ಮಾತಿನಲ್ಲಿ. ಕರ್ನಾಟಕದಲ್ಲಿ ಫ್ಲ್ಯಾಟು, ಸೈಟು ಕೊಳ್ಳುವವರಿಗೆ 2017ರಿಂದ ರೇರಾ ಎಂಬ ನಿಯಂತ್ರಕ ಇದೆ. ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳಿಗೆ ತಳಪಾಯ, ಗೋಡೆ, ಚಾವಣಿ ಹೀಗೆ ಹಂತಹಂತವಾಗಿ ಜಿಪಿಎಸ್ ಫೋಟೋ ತೆಗೆದು ಕಂತು ಬಿಡುಗಡೆ ಮಾಡುತ್ತಾರೆ. ಕಟ್ಟುವವರೆಗೆ ಕಣ್ಣು ಇದೆ. ಕೊಳೆಗೇರಿ ಅಭಿವೃದ್ಧಿ ಮಂಡಳಿ ಕಟ್ಟಿಸಿಕೊಟ್ಟ ಬಹುಮಹಡಿ ಮನೆಗಳಲ್ಲಿ, ಕೀಲಿ ಕೊಟ್ಟ ಮೇಲೆ ಪಂಪು ಕೆಟ್ಟರೆ, ಪೈಪು ಸೋರಿ ಕೆಳಮನೆಯ ಗೋಡೆ ನೆನೆದರೆ, ಹೋಗಿ ಹೇಳಿಕೊಳ್ಳಲು ಮಂಡಳಿಯಿಂದ ಬೇರೆಯಾದ ನಿಯಂತ್ರಕ ಇಲ್ಲ. ಕಟ್ಟಿಸಿದವರೇ ದೂರನ್ನೂ ಕೇಳಬೇಕು. 1964ರ ಹೌಸಿಂಗ್ ಕಾರ್ಪೊರೇಷನ್ನಿನ ಕಥೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡಿನ ನಾಲ್ಕು ವರ್ಷದ ಮೊದಲ ಸುತ್ತು 2028ರ ಮಾರ್ಚಿಗೆ ಮುಗಿಯುತ್ತದೆ. ಆಗ ನಿಯಂತ್ರಕ ಇಷ್ಟು ತಪಾಸಣೆ ಮುಗಿಸಿದೆವು, ಇಷ್ಟು ದರ್ಜೆ ಕೊಟ್ಟೆವು ಎಂಬ ಪಟ್ಟಿ ಹಿಡಿದು ಸಮಿತಿಯ ಮುಂದೆ ಬರುತ್ತದೆ. ಪಟ್ಟಿ ಉದ್ದವಾಗಿಯೇ ಇರುತ್ತದೆ. ಸಮಿತಿಯವರು ಅದನ್ನು ಪಕ್ಕಕ್ಕಿಟ್ಟು ಬೇರೆ ಮೂರು ಲೆಕ್ಕ ಕೇಳಬೇಕು. ಸಿ ಮೂರು ಬಂದ ಕೌನ್ಸಿಲುಗಳಲ್ಲಿ ಎಷ್ಟು, ಎಷ್ಟು ತಿಂಗಳಲ್ಲಿ ಮೇಲೆದ್ದವು? ದೂರು ಕೊಟ್ಟವರಲ್ಲಿ ಮೂವರಿಗೆ ಒಬ್ಬರಷ್ಟೇ ತೃಪ್ತರು ಎಂಬ ಅಂಕಿ ಎಲ್ಲಿಗೆ ಬಂದಿದೆ? ನಿಮ್ಮ ತಂಡದವರು ಈ ನಾಲ್ಕು ವರ್ಷದಲ್ಲಿ ಎಷ್ಟು ಮನೆಗಳ ಒಳಗೆ ಹೋಗಿ ನೋಡಿದ್ದಾರೆ?